ಮಕ್ಕಳು, ಅಜ್ಜಿ, ಹತ್ತು ದಿನ: ಆಲ್ಪ್ಸ್‌ಗೆ ಯಾವಾಗ ಹೋಗಬೇಕು, ಎಲ್ಲಿ ಉಳಿಯಬೇಕು?

ಪ್ರಶ್ನೆ: ನಾವು ಮೈಸೂರಿನವರು. ನಾನು, ನನ್ನ ಹೆಂಡತಿ, 11 ವರ್ಷದ ಮಗಳು, 5 ವರ್ಷದ ಮಗ, 68 ವರ್ಷದ ನನ್ನ ತಾಯಿ. ತಾಯಿಗೆ ರಕ್ತದೊತ್ತಡಕ್ಕೆ ಮಾತ್ರೆ ನಡೆಯುತ್ತಿದೆ, ಮಂಡಿನೋವೂ ಇದೆ. ಮುಂದಿನ ಬೇಸಿಗೆ ರಜೆಯಲ್ಲಿ ಹತ್ತು ದಿನ ಆಲ್ಪ್ಸ್ ನೋಡಬೇಕೆಂದಿದ್ದೇವೆ. ಟೂರ್ ಕಂಪನಿಯವರು ಮೇ ತಿಂಗಳಿಗೆ ಮೂರು ದೇಶ, ಆರು ಊರುಗಳ ಪಟ್ಟಿ ಕೊಟ್ಟಿದ್ದಾರೆ. ಅವರನ್ನು ಬಿಟ್ಟು ನಾವೇ ಹೋಗಬಹುದೇ? ಹಿಮದ ನಡುವೆ ಎತ್ತರದಲ್ಲಿರುವ ಯುಂಗ್‌ಫ್ರಾವ್‌ಯೋಖ್ ರೈಲು ನಿಲ್ದಾಣಕ್ಕೆ ತಾಯಿಯನ್ನೂ ಮಗನನ್ನೂ ಕರೆದೊಯ್ಯಬಹುದೇ? ನಾವು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು, ಊಟದ ಗತಿ ಏನು?

ಉತ್ತರ: ನೀವೇ ಧಾರಾಳವಾಗಿ ಹೋಗಿ ಬರಬಹುದು. ಸ್ವಿಟ್ಜರ್ಲೆಂಡಿನಲ್ಲಿ ರೈಲು, ಬಸ್ಸು, ದೋಣಿಗಳು ಒಂದರ ವೇಳೆಗೆ ಇನ್ನೊಂದು ಹೊಂದಿಕೊಂಡು ಓಡುತ್ತವೆ. ವೇಳಾಪಟ್ಟಿ ಓದಲು ಬಂದರೆ ಮಾರ್ಗದರ್ಶಿ ಬೇಕಿಲ್ಲ. ಆದರೆ ನಿಮ್ಮ ಪತ್ರ ಓದುವಾಗ ನನಗೆ ತೊಡಕಾಗಿ ಕಂಡದ್ದು ಆರು ಊರುಗಳಿಗಿಂತ ಹೆಚ್ಚಾಗಿ ಮೇ ತಿಂಗಳು. ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್, ಮೇ. ಆಲ್ಪ್ಸ್‌ನ ಬೇಸಿಗೆ ಶುರುವಾಗುವುದೇ ಜೂನ್ ಮಧ್ಯದ ಹೊತ್ತಿಗೆ. ಮೇ ತಿಂಗಳು ಅಲ್ಲಿಯ ಬೆಟ್ಟದೂರುಗಳಿಗೆ ಬಿಡುವಿನ ಕಾಲ: ಸ್ಕೀ ಆಡುವವರು ಹೊರಟುಹೋಗಿರುತ್ತಾರೆ, ಕಾಲ್ನಡಿಗೆಯವರು ಇನ್ನೂ ಬಂದಿರುವುದಿಲ್ಲ. ಕೇಬಲ್ ಕಾರುಗಳನ್ನು ನಿಲ್ಲಿಸಿ ಹಗ್ಗ, ಗಾಲಿ, ಬ್ರೇಕುಗಳ ತಪಾಸಣೆ ಮಾಡುವುದು ಆಗಲೇ. ಹಲವು ಹೋಟೆಲುಗಳು ಬಾಗಿಲು ಹಾಕಿರುತ್ತವೆ. ಎರಡು ಸಾವಿರ ಮೀಟರಿಗಿಂತ ಮೇಲಿನ ಕಾಲುದಾರಿಗಳು ಬಹುಮಟ್ಟಿಗೆ ಹಿಮದಡಿಯಲ್ಲಿರುತ್ತವೆ. ಗ್ರಿಮ್ಸೆಲ್, ಫುರ್ಕಾದಂಥ ಘಾಟಿ ರಸ್ತೆಗಳು ತೆರೆಯುವಷ್ಟರಲ್ಲಿ ಸಾಮಾನ್ಯವಾಗಿ ಜೂನ್ ಬಂದಿರುತ್ತದೆ.

ಹಾಗಿದ್ದರೆ ಟೂರ್ ಕಂಪನಿಗಳು ಮೇ ತಿಂಗಳಲ್ಲಿ ಬಸ್ಸುಗಟ್ಟಲೆ ಜನರನ್ನು ಕರೆದೊಯ್ಯುವುದಾದರೂ ಹೇಗೆ? ಯುಂಗ್‌ಫ್ರಾವ್‌ಯೋಖ್‌ನ ರೈಲು ವರ್ಷವಿಡೀ ಓಡುತ್ತದೆ, ಟಿಟ್ಲಿಸ್ ಶಿಖರದ ಕೇಬಲ್ ಕಾರು ವರ್ಷದ ಬಹುಭಾಗ ಓಡುತ್ತದೆ. ಮೇಲೆ ಹತ್ತಿಸಿ, ಹಿಮ ಮುಟ್ಟಿಸಿ, ಫೋಟೊ ತೆಗೆಸಿ, ಇಳಿಸಿ ಬಸ್ಸಿಗೆ ಕೂರಿಸಿದರೆ ಅವರ ಲೆಕ್ಕ ಚುಕ್ತಾ. ಅದರಲ್ಲಿ ಮೋಸವೇನಿಲ್ಲ. ಆದರೆ ಹೂವು ತುಂಬಿದ ಹುಲ್ಲುಗಾವಲು, ಗಂಟೆ ಕಟ್ಟಿದ ಹಸುಗಳು, ಒಂದು ಬೆಟ್ಟದ ಸಾಲಿನಿಂದ ಇನ್ನೊಂದಕ್ಕೆ ಮಕ್ಕಳ ಕೈಹಿಡಿದು ನಡೆಯುವ ದಾರಿ, ಇವೆಲ್ಲ ಮನಸ್ಸಿನಲ್ಲಿದ್ದರೆ ಅವು ಮೇ ತಿಂಗಳ ಬೆಟ್ಟದ ಮೇಲೆ ಸಿಗುವುದಿಲ್ಲ. ಹಸುಗಳನ್ನು ಎತ್ತರದ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುವುದೇ ಜೂನ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ಅವು ಮತ್ತೆ ಇಳಿದು ಬರುತ್ತವೆ.

ನನ್ನ ಮೊದಲ ಆಯ್ಕೆ ಜೂನ್‌ನ ಕೊನೆಯ ಹತ್ತು ದಿನ. ಶಾಲೆ ಶುರುವಾಗಿರುತ್ತದೆ, ನಿಜ. ಮೊದಲೇ ಪತ್ರ ಕೊಟ್ಟು ಅನುಮತಿ ಕೇಳಿ. ಜೂನ್‌ನಲ್ಲಿ ತಪ್ಪಿದ ಹತ್ತು ದಿನಗಳ ಪಾಠವನ್ನು ನಿಮ್ಮ ಮಗಳು ಜುಲೈನಲ್ಲಿ ತುಂಬಿಕೊಳ್ಳುತ್ತಾಳೆ. ಆಗ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ, ಸ್ವಿಸ್ ಶಾಲೆಗಳ ದೊಡ್ಡ ರಜೆಯ ನೂಕುನುಗ್ಗಲು ಇನ್ನೂ ಏರಿರುವುದಿಲ್ಲ. ಎರಡನೆಯ ಆಯ್ಕೆ ದಸರಾ ರಜೆ. ಮೈಸೂರಿನವರಾಗಿ ದಸರಾಕ್ಕೆ ಊರು ಬಿಡುವುದೇ ಎಂದು ನಿಮ್ಮ ತಾಯಿಯವರು ಗದರಬಹುದು, ಅದನ್ನು ನೀವೇ ನಿಭಾಯಿಸಿಕೊಳ್ಳಬೇಕು. ಅಕ್ಟೋಬರ್ ಆರಂಭದಲ್ಲಿ ಗಾಳಿ ತಿಳಿಯಾಗಿರುತ್ತದೆ, ಮಧ್ಯಾಹ್ನದ ಗುಡುಗು ಮಳೆ ಕಡಿಮೆ, ದೂರದ ಶಿಖರಗಳು ಗೆರೆ ಕೊರೆದಷ್ಟು ಸ್ಪಷ್ಟವಾಗಿ ಕಾಣುತ್ತವೆ. ಆದರೆ ತಿಂಗಳ ಮಧ್ಯ ದಾಟಿತೆಂದರೆ ಕೇಬಲ್ ಕಾರುಗಳು ಒಂದೊಂದಾಗಿ ನಿಲ್ಲುತ್ತವೆ. ಆದ್ದರಿಂದ ವಿಜಯದಶಮಿ ಯಾವ ತಾರೀಕಿಗೆ ಬೀಳುತ್ತದೆ ಎಂದು ಪಂಚಾಂಗ ನೋಡಿಯೇ ತೀರ್ಮಾನಿಸಿ.

ಮೇ ಬಿಟ್ಟರೆ ಗತಿಯಿಲ್ಲ ಎಂದಾದರೆ ಕೊನೆಯ ವಾರಕ್ಕೆ ಹೋಗಿ, ಕೆಳಗೇ ಇರಿ. ಹಿಮ ಕರಗುವ ಕಾಲವಾದ್ದರಿಂದ ಜಲಪಾತಗಳು ಮೈದುಂಬಿರುತ್ತವೆ, ಕಣಿವೆಯ ತಳ ಹಸಿರಾಗಿರುತ್ತದೆ, ಥುನ್ ಮತ್ತು ಬ್ರಿಯೆಂಜ್ ಸರೋವರಗಳಲ್ಲಿ ದೋಣಿಗಳು ಓಡುತ್ತಿರುತ್ತವೆ. ಅಜ್ಜಿಗೂ ಚಿಕ್ಕವನಿಗೂ ಅಷ್ಟು ಸಾಕು. ನಡೆಯುವ ಆಸೆಯಿರುವ ನಿಮಗೆ ಸಾಲದು.

ಇನ್ನು ಎಲ್ಲಿಗೆ ಎಂಬ ಮಾತು. ಮೂರು ದೇಶಗಳ ಪಟ್ಟಿಯನ್ನು ಪಕ್ಕಕ್ಕಿಡಿ. ದಿನ ಬೆಳಗಾದರೆ ಸೂಟ್‌ಕೇಸ್ ಕಟ್ಟುವ ಪ್ರವಾಸ ಐದು ವರ್ಷದ ಹುಡುಗನಿಗೆ ಶಿಕ್ಷೆ, ಮಂಡಿನೋವಿನ ಅಜ್ಜಿಗಂತೂ ಕೇಳುವುದೇ ಬೇಡ. ಒಂದೇ ಕಣಿವೆ, ಒಂದೇ ಮನೆ, ಕನಿಷ್ಠ ಏಳು ರಾತ್ರಿ ಎಂದು ಗಟ್ಟಿ ಮಾಡಿಕೊಳ್ಳಿ. ಇದಕ್ಕೆ ಆರಾಮ ಮಾತ್ರ ಕಾರಣವಲ್ಲ. ಬೆಟ್ಟದಲ್ಲಿ ಹವೆ ಕೈಕೊಡುವುದು ಸಾಮಾನ್ಯ. ಒಂದೇ ಕಡೆ ವಾರವಿದ್ದರೆ ಬಿಸಿಲಿನ ಎರಡು ಮೂರು ದಿನಗಳನ್ನು ಆರಿಸಿ ಮೇಲೆ ಹೋಗಬಹುದು, ಮಳೆಯ ದಿನ ಕೆಳಗೆ ಸುತ್ತಬಹುದು. ಪಟ್ಟಿ ಹಿಡಿದು ಹೊರಟವರಿಗೆ ಮಂಗಳವಾರ ಅಂದರೆ ಮಂಗಳವಾರವೇ, ಶಿಖರ ಮೋಡದೊಳಗಿದ್ದರೂ ಸರಿ.

ನಿಮ್ಮ ಕುಟುಂಬಕ್ಕೆ ನಾನು ಹೇಳುವುದು ಬರ್ನ್ ಪ್ರಾಂತ್ಯದ ಲೌಟರ್‌ಬ್ರುನೆನ್ ಕಣಿವೆ. ಇಲ್ಲಿಯ ಎತ್ತರಗಳನ್ನು ನಮ್ಮ ಲೆಕ್ಕದಲ್ಲಿ ಹೇಳಿದರೆ ಅನುಕೂಲ. ಲೌಟರ್‌ಬ್ರುನೆನ್ ಇರುವುದು ಸುಮಾರು 800 ಮೀಟರ್ ಎತ್ತರದಲ್ಲಿ, ಹೆಚ್ಚುಕಡಿಮೆ ನಿಮ್ಮ ಮೈಸೂರಿನಷ್ಟೇ. ಅದರ ಮೇಲಿನ ದಂಡೆಯಲ್ಲಿರುವ ವೆಂಗೆನ್ 1,274 ಮೀಟರ್, ಮಡಿಕೇರಿಗಿಂತ ತುಸು ಹೆಚ್ಚು. ವೆಂಗೆನ್‌ನಿಂದ ಕೇಬಲ್ ಕಾರು ಹತ್ತಿದರೆ ಸಿಗುವ ಮೆನ್ಲಿಖೆನ್ 2,200 ಮೀಟರಿಗೂ ಮೇಲೆ, ಅಂದರೆ ಮುಳ್ಳಯ್ಯನಗಿರಿಯನ್ನು ಆಗಲೇ ದಾಟಿದ್ದೀರಿ. ಯುಂಗ್‌ಫ್ರಾವ್‌ಯೋಖ್ 3,454 ಮೀಟರ್. ಇಷ್ಟೂ ಎತ್ತರಗಳನ್ನು ಒಂದೇ ದಿನದಲ್ಲಿ, ಕುಳಿತಲ್ಲಿಯೇ ಏರಬಹುದು. ಅನುಕೂಲ ಅದೇ, ಎಚ್ಚರ ಬೇಕಾದದ್ದೂ ಅದಕ್ಕೇ.

ಜೂನ್ ಅಥವಾ ದಸರಾದಲ್ಲಾದರೆ ವೆಂಗೆನ್‌ನಲ್ಲಿ ಮನೆ ಹಿಡಿಯಿರಿ, ಮೇ ಆದರೆ ಲೌಟರ್‌ಬ್ರುನೆನ್‌ನಲ್ಲಿ. ವೆಂಗೆನ್‌ಗೆ ಕಾರು ಹೋಗುವುದಿಲ್ಲ. ಕೆಳಗಿನಿಂದ ಹಲ್ಲುಕಂಬಿಯ ರೈಲಿನಲ್ಲಿ ಕಾಲು ಗಂಟೆ. ಬೀದಿಯಲ್ಲಿ ವಾಹನದ ಭಯವಿಲ್ಲದೆ ಮಕ್ಕಳು ಓಡಾಡುವುದನ್ನು ನೋಡುವುದೇ ಒಂದು ಸುಖ. ಬುಕ್ ಮಾಡುವ ಮೊದಲು ಮನೆಯವರನ್ನು ಎರಡು ಪ್ರಶ್ನೆ ಕೇಳಿ: ನಿಲ್ದಾಣದಿಂದ ದಾರಿ ಎಷ್ಟು ಏರು, ಮನೆಗೆ ಲಿಫ್ಟ್ ಇದೆಯೇ? ಮರದ ಚಂದದ ಮನೆಗಳಲ್ಲಿ ಹೆಚ್ಚಿನವಕ್ಕೆ ಮೆಟ್ಟಿಲೇ ಗತಿ.

ಝ್ಯೂರಿಕ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣವಿದೆ. ಬರ್ನ್ ಮತ್ತು ಇಂಟರ್‌ಲಾಕನ್ ಓಸ್ಟ್‌ನಲ್ಲಿ ರೈಲು ಬದಲಿಸಿದರೆ ಸುಮಾರು ಮೂರು ಗಂಟೆಯಲ್ಲಿ ಲೌಟರ್‌ಬ್ರುನೆನ್. ಇಂಟರ್‌ಲಾಕನ್ ಓಸ್ಟ್‌ನಲ್ಲಿ ಮಾತ್ರ ಕಣ್ಣು ತೆರೆದಿರಲಿ. ಅಲ್ಲಿಂದ ಹೊರಡುವ ಒಂದೇ ರೈಲು ದಾರಿಯಲ್ಲಿ ಸ್ವೈಲ್ಯೂಚಿನೆನ್ ಎಂಬಲ್ಲಿ ಎರಡು ತುಂಡಾಗುತ್ತದೆ. ಅರ್ಧ ಲೌಟರ್‌ಬ್ರುನೆನ್‌ಗೆ, ಅರ್ಧ ಗ್ರಿಂಡೆಲ್‌ವಾಲ್ಡ್‌ಗೆ. ಪ್ಲಾಟ್‌ಫಾರ್ಮಿನ ಫಲಕದಲ್ಲಿ ಯಾವ ಭಾಗ ಎಲ್ಲಿಗೆ ಎಂದು ಬರೆದಿರುತ್ತದೆ, ಬೋಗಿಯ ಮೇಲೂ ಇರುತ್ತದೆ. ಅಜ್ಜಿ ಮೊಮ್ಮಗ ಒಂದು ಬೋಗಿಯಲ್ಲಿ, ನೀವು ಸಾಮಾನಿನ ಜೊತೆ ಇನ್ನೊಂದರಲ್ಲಿ ಹತ್ತಿದಿರೋ, ಮೊದಲ ದಿನವೇ ಎರಡು ಕಣಿವೆಗಳ ದರ್ಶನವಾಗುತ್ತದೆ.

ಅಲ್ಲಿ ಮಾಡುವುದೇನು? ಮೊದಲ ದಿನ ಕಣಿವೆಯ ತಳದಲ್ಲೇ ನಡೆಯಿರಿ. ಲೌಟರ್‌ಬ್ರುನೆನ್‌ನಿಂದ ಷ್ಟೆಖೆಲ್‌ಬೆರ್ಗ್ ಕಡೆಗೆ ದಾರಿ ಸಮತಟ್ಟಾಗಿದೆ, ಪಕ್ಕದ ರಸ್ತೆಯಲ್ಲಿ ಬಸ್ಸು ಓಡುತ್ತದೆ. ತಾಯಿಯವರಿಗೆ ಸಾಕೆನಿಸಿದ ಕಡೆ ಹತ್ತಬಹುದು. ಊರಿನ ತಲೆಯ ಮೇಲೇ ಷ್ಟೌಬ್‌ಬಾಖ್ ಜಲಪಾತ ಸುಮಾರು 297 ಮೀಟರ್ ಬೀಳುತ್ತದೆ. ಎತ್ತರದಲ್ಲಿ ನಮ್ಮ ಜೋಗಕ್ಕಿಂತ ಹೆಚ್ಚು, ನೀರು ಮಾತ್ರ ತೆಳ್ಳಗೆ, ಕೆಳಗೆ ಮುಟ್ಟುವಷ್ಟರಲ್ಲಿ ಅರ್ಧ ಗಾಳಿಗೆ ಹೋಗಿರುತ್ತದೆ. ಅದೇ ದಾರಿಯಲ್ಲಿರುವ ಟ್ರ್ಯೂಮೆಲ್‌ಬಾಖ್ ಬೇರೆಯೇ ಜಾತಿಯದು. ಐಗರ್, ಮೋಂಖ್, ಯುಂಗ್‌ಫ್ರಾವ್ ಮೂರೂ ಶಿಖರಗಳ ಹಿಮನದಿಗಳ ನೀರು ಬಂಡೆಯ ಹೊಟ್ಟೆಯೊಳಗೆ ಕೊರೆದುಕೊಂಡು ಹತ್ತು ಹಂತಗಳಲ್ಲಿ ಇಳಿಯುತ್ತದೆ, ಸೆಕೆಂಡಿಗೆ 20,000 ಲೀಟರ್‌ವರೆಗೆ. ಸುರಂಗದ ಲಿಫ್ಟ್ ಸ್ವಲ್ಪ ದೂರ ಮಾತ್ರ. ಆಮೇಲೆ ಒದ್ದೆ ಮೆಟ್ಟಿಲುಗಳಿವೆ. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ, ನಿಮ್ಮ ಮಗನಿಗೆ ಅಡ್ಡಿಯಿಲ್ಲ. ತಾಯಿಯವರ ಮಂಡಿಗೆ ಮಾತ್ರ ಇದು ಒಳ್ಳೆಯದಲ್ಲ.

ಇಡೀ ಪ್ರವಾಸದಲ್ಲಿ ಒಂದೇ ಒಂದು ನಡಿಗೆ ಮಾಡುವುದಾದರೆ ಮೆನ್ಲಿಖೆನ್‌ನಿಂದ ಕ್ಲೈನೆ ಶೈಡೆಗ್ ಎಂಬ ಬೆಟ್ಟದ ರೈಲು ನಿಲ್ದಾಣದವರೆಗಿನ ದಾರಿ ಹಿಡಿಯಿರಿ. ಸುಮಾರು ನಾಲ್ಕೂವರೆ ಕಿಲೋಮೀಟರ್, ಬಹುಪಾಲು ಸಣ್ಣ ಇಳಿಜಾರು, ಅಗಲವಾದ ದಾರಿ. ಕೇಬಲ್ ಕಾರಿನಿಂದ ಇಳಿದ ಕೂಡಲೇ ಮಕ್ಕಳಿಗಾಗಿ ಆಟದ ಜಾಗವಿದೆ, ಅಲ್ಲಿರುವ ದೊಡ್ಡ ಮರದ ಹಸುವಿನೊಳಗೆ ನುಸುಳಿದ ಹುಡುಗನನ್ನು ಹೊರಗೆ ತರುವುದೇ ಒಂದು ಕೆಲಸ. ನಡೆಯುತ್ತ ಹೋದಂತೆ ಎದುರಿಗೆ ಐಗರ್ 3,967 ಮೀಟರ್, ಮೋಂಖ್ 4,110, ಯುಂಗ್‌ಫ್ರಾವ್ 4,158, ಮೂರೂ ಸಾಲಾಗಿ ನಿಂತಿರುತ್ತವೆ. ದಾರಿಯ ಕವಲುಗಳಲ್ಲಿ ಹಳದಿ ಫಲಕಗಳಿರುತ್ತವೆ. ಅವುಗಳಲ್ಲಿ ಬರೆದಿರುವುದು ದೂರವಲ್ಲ, ಹೊತ್ತು. ಅದರಲ್ಲಿ ವಿಶ್ರಾಂತಿಯ ಹೊತ್ತು ಸೇರಿಲ್ಲ, ಹೂವು ನೋಡಲು ಕೂತ ಮಗುವಿನ ಹೊತ್ತಂತೂ ಇಲ್ಲ. ಫಲಕ ಒಂದೂವರೆ ಗಂಟೆ ಎಂದರೆ ನೀವು ಮೂರು ಗಂಟೆ ಇಟ್ಟುಕೊಳ್ಳಿ. ಬರೀ ಹಳದಿ ಗುರುತಿನ ದಾರಿ ಎಲ್ಲರಿಗೂ ಆಗುತ್ತದೆ. ಬಿಳಿ, ಕೆಂಪು, ಬಿಳಿ ಪಟ್ಟೆಯಿದ್ದರೆ ಅದು ಕಡಿದಾದ ಬೆಟ್ಟದ ದಾರಿ. ಬಿಳಿ, ನೀಲಿ, ಬಿಳಿ ಕಂಡರೆ ಹಿಂದಿರುಗಿ. ತಾಯಿಯವರು ವೆಂಗೆನ್‌ನಿಂದ ನೇರವಾಗಿ ರೈಲಿನಲ್ಲೇ ಕ್ಲೈನೆ ಶೈಡೆಗ್‌ಗೆ ಬಂದು ನಿಮಗಾಗಿ ಕಾಯಬಹುದು. ಶಿಖರಗಳು ಕಾಣುವಂತೆ ಕೂರಲು ಅಲ್ಲಿ ಬೇಕಾದಷ್ಟು ಬೆಂಚುಗಳಿವೆ.

ಈಗ ಯುಂಗ್‌ಫ್ರಾವ್‌ಯೋಖ್. ಅಡಾಲ್ಫ್ ಗೂಯರ್ ಸೆಲ್ಲರ್ ಎಂಬ ಉದ್ಯಮಿಯ ಕನಸಿನಂತೆ 1896ರಲ್ಲಿ ಕೆಲಸ ಶುರುವಾಗಿ, ಆತ ತೀರಿಕೊಂಡು ಹದಿಮೂರು ವರ್ಷಗಳಾದ ಮೇಲೆ 1912ರಲ್ಲಿ ಮುಗಿದ ರೈಲು ಅದು. ಐಗರ್ ಮತ್ತು ಮೋಂಖ್‌ಗಳ ಒಳಗೆ ಏಳು ಕಿಲೋಮೀಟರಿನಷ್ಟು ಸುರಂಗ. ಮೇಲಿನಿಂದ ಆಲ್ಪ್ಸ್‌ನ ಅತಿ ಉದ್ದದ ಹಿಮನದಿ ಆಲೆಚ್ ಕಾಣುತ್ತದೆ. ನೋಡತಕ್ಕದ್ದೇ. ಆದರೆ ಟಿಕೆಟ್ಟಿನ ಪೂರ್ತಿ ದರ ಬೇಸಿಗೆಯಲ್ಲಿ ತಲೆಗೆ 200 ಫ್ರಾಂಕ್ ದಾಟುತ್ತದೆ, ಒಂದು ಫ್ರಾಂಕ್ ನಮ್ಮ ನೂರು ರೂಪಾಯಿ ದಾಟಿದೆ. ಅಷ್ಟು ಕೊಟ್ಟು ಮೋಡದ ಬಿಳಿ ಗೋಡೆ ನೋಡಿ ಬಂದವರು ಎಷ್ಟೋ ಜನ. ಬೆಳಿಗ್ಗೆ ಎದ್ದು ಮೇಲಿನ ಕ್ಯಾಮೆರಾದ ನೇರ ಚಿತ್ರ ನೋಡಿ, ತಿಳಿಯಾಗಿದ್ದರೆ ಮಾತ್ರ ಟಿಕೆಟ್ ಕೊಳ್ಳಿ. ಮೊದಲೇ ಕೊಂಡಿಡಬೇಡಿ.

ತಾಯಿಯವರ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ: ಅವರು ಕ್ಲೈನೆ ಶೈಡೆಗ್‌ನಲ್ಲೇ ಉಳಿಯಲಿ. 3,454 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಮೇಲೆ ಉದ್ದನೆಯ ಸುರಂಗ ಹಾದಿಗಳಿವೆ, ಮೆಟ್ಟಿಲುಗಳಿವೆ, ಎಲ್ಲರಿಗೂ ಏದುಸಿರು ಬರುತ್ತದೆ. ರಕ್ತದೊತ್ತಡ ಹಿಡಿತದಲ್ಲಿರುವ ಹಿರಿಯರು ಹೋಗಿ ಬರುವುದುಂಟು, ಆದರೆ ಅದನ್ನು ತೀರ್ಮಾನಿಸಬೇಕಾದವರು ನಿಮ್ಮ ವೈದ್ಯರು. ಹೊರಡುವ ತಿಂಗಳ ಮೊದಲೇ ಈ ಎತ್ತರದ ಅಂಕಿಯನ್ನು ಅವರ ಮುಂದಿಟ್ಟು ಕೇಳಿ. ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ ಇರುತ್ತದೆ, ಮಾತ್ರೆಯ ಹೊತ್ತನ್ನು ಹೇಗೆ ಹೊಂದಿಸಬೇಕೆಂದೂ ಅವರನ್ನೇ ಕೇಳಿ.

ವೈದ್ಯರು ಒಪ್ಪಿದರೂ ಹೋಗುವ ದಾರಿಯನ್ನು ಆರಿಸಿಕೊಳ್ಳಿ. 2020ರ ಡಿಸೆಂಬರ್‌ನಲ್ಲಿ ಶುರುವಾದ ಐಗರ್ ಎಕ್ಸ್‌ಪ್ರೆಸ್ ಎಂಬ ಕೇಬಲ್ ಕಾರು ಗ್ರಿಂಡೆಲ್‌ವಾಲ್ಡ್‌ನಿಂದ ಕಾಲು ಗಂಟೆಯಲ್ಲಿ ಐಗರ್‌ಗ್ಲೆಚರ್ ನಿಲ್ದಾಣಕ್ಕೆ, ಅಂದರೆ 2,320 ಮೀಟರಿಗೆ ತಲುಪಿಸುತ್ತದೆ. ಎಲ್ಲರೂ ಈಗ ಅದನ್ನೇ ಹೊಗಳುತ್ತಾರೆ. ಮೈಗೆ ಹಿತವಾದದ್ದು ಮಾತ್ರ ವೆಂಗೆನ್ ಮೇಲಿನಿಂದ ತೆವಳುವ ಹಳೆಯ ರೈಲೇ. ಕ್ಲೈನೆ ಶೈಡೆಗ್‌ನಲ್ಲಿ ಇಳಿದು ಒಂದು ಗಂಟೆ ಕುಳಿತು, ನೀರು ಕುಡಿದು, ಆಮೇಲೆ ಮುಂದಿನ ರೈಲು ಹತ್ತಿದರೆ ದೇಹಕ್ಕೆ ಸ್ವಲ್ಪ ಹೊತ್ತು ಕೊಟ್ಟಂತಾಗುತ್ತದೆ. ಮಗನ ವಿಷಯದಲ್ಲಿ ತೊಡಕೆಂದರೆ ಐದು ವರ್ಷದ ಮಗು ತಲೆನೋವು ಎಂದು ಬಾಯಿಬಿಟ್ಟು ಹೇಳುವುದು ಕಡಿಮೆ. ಸುಮ್ಮನೆ ಮಂಕಾಗುತ್ತದೆ, ತಿಂದದ್ದನ್ನು ಕಕ್ಕುತ್ತದೆ. ಹಾಗೆ ಕಂಡರೆ ಕೊಟ್ಟ ಹಣದ ಮುಖ ನೋಡದೆ ಮುಂದಿನ ರೈಲಿಗೆ ಇಳಿದುಬಿಡಿ, ಇಳಿದರೆ ಸರಿಹೋಗುತ್ತದೆ. ನಾನಾಗಿದ್ದರೆ ಮಗಳನ್ನು ಕರೆದುಕೊಂಡು ಒಬ್ಬರು ಮೇಲೆ ಹೋಗಿ, ಉಳಿದವರು ಶೈಡೆಗ್‌ನಲ್ಲಿ ಕಾಲ ಕಳೆಯುವಂತೆ ಮಾಡುತ್ತಿದ್ದೆ. ಹೆಂಡತಿಗೂ ನಿಮಗೂ ಇಬ್ಬರಿಗೂ ನೋಡಲೇಬೇಕಿದ್ದರೆ ಬೇರೆ ಬೇರೆ ದಿನ ಹೋಗಿ. ಒಂದೇ ಕಡೆ ವಾರ ಉಳಿಯುವುದರ ಲಾಭಗಳಲ್ಲಿ ಇದೂ ಒಂದು.

ಊಟದ ಬಗ್ಗೆ ಚಿಂತೆ ಬೇಡ, ಅಡುಗೆಮನೆ ಇರುವ ಮನೆ ಹಿಡಿದರೆ ಸಾಕು. ಅಕ್ಕಿ, ಹಾಲು, ಮೊಸರು, ತರಕಾರಿ ಕೋ-ಆಪ್, ಮಿಗ್ರೋಸ್ ಅಂಗಡಿಗಳಲ್ಲಿ ಸಿಗುತ್ತವೆ. ಸಕ್ಕರೆ ಹಾಕದ ಮೊಸರಿನಿಂದ ಮೊಸರನ್ನ ಚೆನ್ನಾಗಿಯೇ ಆಗುತ್ತದೆ. ಹಳ್ಳಿಯ ಅಂಗಡಿ ಸಂಜೆ ಬೇಗ ಮುಚ್ಚುತ್ತದೆ, ಭಾನುವಾರ ಹಲವೆಡೆ ತೆರೆಯುವುದೇ ಇಲ್ಲ, ಶನಿವಾರವೇ ತಂದಿಟ್ಟುಕೊಳ್ಳಿ. ಮನೆಯಿಂದ ಚಟ್ನಿಪುಡಿ, ಸಾರಿನಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ಒಯ್ಯಿರಿ. ತುಪ್ಪದ ಡಬ್ಬಿ ಬೇಡ, ಹಸಿ ಕರಿಬೇವೂ ಬೇಡ: ಭಾರತದಿಂದ ಹಾಲಿನ ಪದಾರ್ಥಗಳನ್ನೂ ಹಸಿ ಸೊಪ್ಪು ತರಕಾರಿಗಳನ್ನೂ ಅಲ್ಲಿಗೆ ತರುವಂತಿಲ್ಲ. ಅಲ್ಲಿಯ ಬೆಣ್ಣೆ ಕಾಯಿಸಿದರೆ ಒಳ್ಳೆಯ ತುಪ್ಪವೇ ಆಗುತ್ತದೆ. ಕುಕ್ಕರ್ ಒಯ್ಯುವುದಾದರೆ ಸ್ಟೀಲಿನದು ಒಯ್ಯಿರಿ. ಒಲೆ ಇಂಡಕ್ಷನ್ ಆಗಿದ್ದರೆ ಅಲ್ಯೂಮಿನಿಯಂ ಪಾತ್ರೆ ಕಾಯುವುದಿಲ್ಲ. ಒಗ್ಗರಣೆ ಹಾಕುವ ಮೊದಲು ಹೊಗೆ ಎಳೆಯುವ ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ. ಛಾವಣಿಯ ಹೊಗೆ ಗಂಟೆಗೆ ಸಾಸಿವೆ ಇಂಗಿನ ಪರಿಚಯವಿಲ್ಲ.

ಹೊರಗೆ ತಿನ್ನುವಾಗ ಎರಡು ಮೂರು ಸೂಕ್ಷ್ಮಗಳಿವೆ. ತುರಿದ ಆಲೂಗಡ್ಡೆಯನ್ನು ಕೆಂಪಗೆ ಹುರಿದ ರೋಸ್ಟಿ ನಿಮಗೆ ಹಿಡಿಸುತ್ತದೆ, ಆದರೆ ‘ಷ್ಪೆಕ್’ ಅಂದರೆ ಹಂದಿಮಾಂಸದ ಚೂರು ಹಾಕುವುದುಂಟು. ಇಲ್ಲದ್ದನ್ನು ಕೇಳಿ, ಯಾವ ಕೊಬ್ಬಿನಲ್ಲಿ ಹುರಿದದ್ದು ಎಂದೂ ಕೇಳಿ. ಮ್ಯಾಕರೋನಿ, ಆಲೂಗಡ್ಡೆ, ಚೀಸ್, ಕೆನೆ ಹಾಕಿ ಸೇಬಿನ ಗೊಜ್ಜಿನ ಜೊತೆ ಕೊಡುವ ಎಲ್‌ಪ್ಲರ್‌ಮಗ್ರೋನೆನ್ ಮಕ್ಕಳಿಗೆ ಪ್ರಾಣ. ಆದರೆ ಸ್ವಿಸ್ ಪಾಸ್ತಾದಲ್ಲಿ ಮೊಟ್ಟೆ ಬೆರೆಸುವ ರೂಢಿ ಹೆಚ್ಚು, ಕೇಳದೆ ತಿನ್ನಬೇಡಿ. ಗ್ರುಯೇರ್‌ನಂಥ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲು ಒಡೆಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಇದನ್ನು ಹೇಳದೆ ಬಿಡುವವರೇ ಹೆಚ್ಚು. ನಿಮ್ಮ ತಾಯಿಯವರಿಗೆ ಗೊತ್ತಿದ್ದು ತೀರ್ಮಾನಿಸುವುದು ಒಳ್ಳೆಯದು. ಹಳ್ಳಿಯ ಕಾರಂಜಿಗಳ ನೀರು ಕುಡಿಯಬಹುದು. ಕುಡಿಯಬಾರದ ಕಡೆ ಫಲಕ ಹಾಕಿರುತ್ತಾರೆ.

ಟಿಕೆಟ್ಟಿನ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಆರು ವರ್ಷದೊಳಗಿನವರಿಗೆ ರೈಲು ಉಚಿತ, ಹಾಗಾಗಿ ಮಗನ ಖರ್ಚಿಲ್ಲ. ಸ್ವಿಸ್ ಟ್ರಾವೆಲ್ ಪಾಸ್ ಇರುವ ತಂದೆ ಅಥವಾ ತಾಯಿಯ ಜೊತೆಗಿದ್ದರೆ 6ರಿಂದ 15 ವರ್ಷದವರಿಗೆ ಫ್ಯಾಮಿಲಿ ಕಾರ್ಡ್ ಉಚಿತವಾಗಿ ಸಿಗುತ್ತದೆ, ಕೇಳಿ ಪಡೆಯಿರಿ. ಆದರೆ ಆ ಪಾಸ್ ದೇಶವಿಡೀ ಸುತ್ತುವವರಿಗೆ ಲಾಭ. ಒಂದೇ ಕಣಿವೆಯಲ್ಲಿ ಉಳಿಯುವ ನಿಮಗೆ ಈ ಸೀಮೆಯದೇ ಆದ ಬರ್ನರ್ ಓಬರ್‌ಲಾಂಡ್ ಪಾಸ್ ಅಥವಾ ತಿಂಗಳ ಅವಧಿಯ ಹಾಫ್ ಫೇರ್ ಕಾರ್ಡ್ ಅಗ್ಗವಾಗಬಹುದು. ಯುಂಗ್‌ಫ್ರಾವ್‌ಯೋಖ್‌ಗೆ ಟ್ರಾವೆಲ್ ಪಾಸ್ ಕೊಡುವ ರಿಯಾಯಿತಿ ಕಾಲು ಭಾಗ, ಹಾಫ್ ಫೇರ್ ಕಾರ್ಡ್ ಕೊಡುವುದು ಅರ್ಧ. ಒಂದು ಸಂಜೆ ಕುಳಿತು ಕೂಡಿ ಕಳೆದು ನೋಡಿ. ಒಟ್ಟು ಮೊತ್ತ ನೋಡಿ ಎದೆ ಝಲ್ ಎಂದರೆ ಆಸ್ಟ್ರಿಯಾದ ಝೆಲ್ ಆಮ್ ಸೇ, ಕಾಪ್ರೂನ್ ಕಡೆ ಯೋಚಿಸಿ. ಅಲ್ಲಿ ಹಲವು ವಸತಿಗಳವರು ಬೇಸಿಗೆಯ ಅತಿಥಿಗಳಿಗೆ ಕೊಡುವ ಕಾರ್ಡಿನಲ್ಲಿ ಕೇಬಲ್ ಕಾರುಗಳೂ ಸೇರಿರುತ್ತವೆ, ಊಟ ವಸತಿಯೂ ಸ್ವಿಟ್ಜರ್ಲೆಂಡಿಗಿಂತ ಅಗ್ಗ. ವೀಸಾ ಎರಡಕ್ಕೂ ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ. ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು, ಆರು ತಿಂಗಳ ಮೊದಲಿನಿಂದಲೇ ಹಾಕಬಹುದು. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚು ಅದರಲ್ಲಿ ಸೇರಿದೆಯೇ, ತಾಯಿಯವರಿಗೆ ಮೊದಲೇ ಇರುವ ಕಾಯಿಲೆಗೆ ಅನ್ವಯಿಸುತ್ತದೆಯೇ ಎಂದು ಓದಿ ನೋಡಿ. ಆಂಬ್ಯುಲೆನ್ಸ್‌ಗೆ 144, ಹೆಲಿಕಾಪ್ಟರಿನಲ್ಲಿ ಕಾಪಾಡುವವರಿಗೆ 1414, ಎರಡನ್ನೂ ಮೊಬೈಲಿನಲ್ಲಿ ಹಾಕಿಟ್ಟುಕೊಳ್ಳಿ.

ದಾರಿಗೆ ಅಡ್ಡಲಾಗಿ ಪಟ್ಟಿ ಕಟ್ಟಿ ಮುಚ್ಚಿದ್ದರೆ ದಾಟಬೇಡಿ. ಪಕ್ಕದ ವಾಲೆಯ್ ಪ್ರಾಂತ್ಯದ ಬ್ಲಾಟನ್ ಹಳ್ಳಿ 2025ರ ಮೇ 28ರಂದು ಹಿಮನದಿ ಕುಸಿದು ಬಹುಪಾಲು ಮುಚ್ಚಿಹೋಯಿತು. ಊರಿನ ಸುಮಾರು 300 ಜನ ಬದುಕಿದ್ದು ಕೆಲವೇ ದಿನಗಳ ಮೊದಲು ಅಧಿಕಾರಿಗಳು ಹೇಳಿದಾಗ ಮರುಮಾತಿಲ್ಲದೆ ಮನೆ ಬಿಟ್ಟಿದ್ದರಿಂದ. ಬೇಸಿಗೆಯ ಮಧ್ಯಾಹ್ನ ಗುಡುಗು ಸಹಿತ ಮಳೆ ಸಾಮಾನ್ಯ, ಆದ್ದರಿಂದ ಮೇಲೆ ಹೋಗುವುದೆಲ್ಲ ಬೆಳಿಗ್ಗೆಯೇ ಆಗಲಿ. ಇನ್ನೊಂದು ಮಾತು ವಿಶೇಷವಾಗಿ ನಿಮ್ಮ ತಾಯಿಯವರಿಗೆ. ದಾರಿಯಲ್ಲಿ ಹಸು ಕಂಡರೆ ನಮ್ಮವರ ಕೈ ತಾನಾಗಿ ಅದರ ಬೆನ್ನಿಗೆ ಹೋಗುತ್ತದೆ. ಅಲ್ಲಿ ಬೇಡ. ಕರುವಿನ ಜೊತೆ ಬಯಲಲ್ಲಿ ಮೇಯುವ ತಾಯಿ ಹಸುಗಳು ಅಪರಿಚಿತರನ್ನು ಹತ್ತಿರ ಸೇರಿಸುವುದಿಲ್ಲ, ತಿವಿದದ್ದೂ ಉಂಟು. ದೂರದಿಂದಲೇ ಕೈಮುಗಿದು ಬಳಸಿಕೊಂಡು ಹೋಗಲಿ.

ಕೊನೆಯದಾಗಿ ಕಾಲಿಗೆ ಏನು ಎಂಬುದು. ಮಕ್ಕಳಿಗೆ ಹಿಡಿತವಿರುವ ಕ್ರೀಡಾ ಶೂ ಸಾಕು, ಬೆಟ್ಟದ ಬೂಟು ಬೇಕಿಲ್ಲ. ತಾಯಿಯವರು ಸೀರೆ ಉಡಲಿ, ಯಾರೂ ಬೇಡವೆನ್ನುವುದಿಲ್ಲ, ಆದರೆ ಚಪ್ಪಲಿಯಲ್ಲಿ ಬಿಡಬೇಡಿ. ಹಿಮ್ಮಡಿ ಕೂರುವ, ತಳ ಜಾರದ ಶೂ ಮತ್ತು ಒಂದು ಜೊತೆ ನಡಿಗೆ ಕೋಲು ಇಲ್ಲೇ ಕೊಳ್ಳಿ. ಇಳಿಜಾರಿನಲ್ಲಿ ಮಂಡಿಯ ಭಾರ ಹಂಚುವುದು ಕೋಲೇ. ಹೊರಡುವ ಎರಡು ತಿಂಗಳ ಮೊದಲಿನಿಂದ ಅದೇ ಶೂ ಹಾಕಿಕೊಂಡು, ಅದೇ ಕೋಲು ಹಿಡಿದು ಕುಕ್ಕರಹಳ್ಳಿ ಕೆರೆ ಸುತ್ತಲಿ. ಅಲ್ಲಿ ಸುತ್ತು ಮುಗಿಸಿ ಮರುದಿನ ಮಂಡಿ ಊದಿಕೊಳ್ಳದಿದ್ದರೆ ಲೌಟರ್‌ಬ್ರುನೆನ್‌ನ ಸಮತಟ್ಟು ದಾರಿ ಅವರಿಗೆ ಭಾರವಾಗುವುದಿಲ್ಲ. ಊದಿಕೊಂಡರೆ ವೆಂಗೆನ್‌ನಲ್ಲಿ ಮನೆ ಹುಡುಕುವಾಗ ನಿಲ್ದಾಣಕ್ಕೆ ಅಂಟಿಕೊಂಡಿರುವುದನ್ನೇ ಹುಡುಕಿ, ಬಾಡಿಗೆ ತುಸು ಹೆಚ್ಚಾದರೂ ಸರಿ.